ಪಹಣಿಯೊಳಗಿನ ‘ಖರಾಬ್’: ಕನ್ನಡ, ಉರ್ದು, ಮರಾಠಿ, ತೆಲುಗು ದಾಖಲೆಗಳಲ್ಲಿ ಅದನ್ನು ಓದುವ ಕ್ರಮ

ಕಲಬುರಗಿ ಕಡೆ ಮೋಟಾರು ಕೆಟ್ಟರೂ ಖರಾಬ್, ಹಾಲು ಒಡೆದರೂ ಖರಾಬ್, ಹುಡುಗ ದಾರಿ ತಪ್ಪಿದರೂ ಖರಾಬ್. ಅದೇ ಪದ ಪಹಣಿಯಲ್ಲಿ ವಿಸ್ತೀರ್ಣದ ಕಾಲಮ್ಮಿನೊಳಗೆ ಕೂತಾಗ ಕೆಟ್ಟದ್ದು ಎಂಬ ಅರ್ಥ ಬಿಟ್ಟುಬಿಡುತ್ತದೆ. ಅಲ್ಲಿ ಅದು ಸರ್ವೆ ಇಲಾಖೆಯ ಲೆಕ್ಕದ ಮಾತು: ‘ಈ ಸರ್ವೆ ನಂಬರಿನಲ್ಲಿ ಇಷ್ಟು ಗುಂಟೆಯನ್ನು ಸಾಗುವಳಿ ಜಮೀನೆಂದು ಹಿಡಿದಿಲ್ಲ, ಅದಕ್ಕೆ ಕಂದಾಯದ ಆಕಾರ (ಇಂತಿಷ್ಟು ಎಂಬ ದರ) ಹಚ್ಚಿಲ್ಲ’. ಮಣ್ಣು ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನು ಈ ಪದ ಹೇಳುವುದೇ ಇಲ್ಲ.

ಬೀದರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಒಂದೇ ಹೊಲದ ಕಾಗದಪತ್ರ ಮೂರು ನಾಲ್ಕು ಭಾಷೆಯಲ್ಲಿ ಸಿಗುವುದು ಹೊಸ ಸಂಗತಿಯಲ್ಲ. 1956ರ ನವೆಂಬರ್ 1ರವರೆಗೆ ಈ ಭಾಗ ಹೈದರಾಬಾದ್ ರಾಜ್ಯದಲ್ಲಿತ್ತು, ಹಾಗಾಗಿ ಹಳೆಯ ಕಾಗದ ಉರ್ದು. ಉದಗೀರ, ಉಮರ್ಗಾ, ಅಕ್ಕಲಕೋಟ ಕಡೆ ಬೀಗರ ಹೊಲ ಇದ್ದರೆ ಮರಾಠಿ ಸಾತ್‌ಬಾರಾ, ಅಂದರೆ ಮಹಾರಾಷ್ಟ್ರದ ಪಹಣಿ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆ ಇದ್ದರೆ ತೆಲುಗು ಪಹಣಿ. ನಾಲ್ಕರಲ್ಲೂ ಖರಾಬ್ ಇದೆ. ಉಚ್ಚಾರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಎಲ್ಲ ಕಡೆಯೂ ಒಂದೇ ರೀತಿ ಓದಬಹುದು ಅನ್ನಿಸುತ್ತದೆ. ಹಾಗೆ ಓದಲು ಬರುವುದಿಲ್ಲ. ಅಳತೆ ಬೇರೆ, ಕಾಲಮ್ಮಿನ ಕ್ರಮ ಬೇರೆ, ವರ್ಗದ ಅಕ್ಷರ ಕೂರುವ ಜಾಗ ಬೇರೆ.

ಪದದ ಮೂಲ, ಬೇಕಾದಷ್ಟೇ

ಅರಬ್ಬಿಯಲ್ಲಿ ಖರಾಬ್ ನಾಮಪದ, ಹಾಳು ಬಿದ್ದದ್ದು ಎಂದರ್ಥ. ಪಾರಸಿ ಅದನ್ನು ವಿಶೇಷಣವಾಗಿ ಬಳಸಿತು. ಪಾರಸಿಯಲ್ಲಿ ಅದರ ಎದುರಿನ ಪದ ಆಬಾದ್, ಜನವಸತಿ ಇರುವ, ಸಾಗುವಳಿ ನಡೆಯುವ ಎಂಬ ವಿಶೇಷಣ. ಬಹಮನಿ ಕಾಲದಲ್ಲಿ ಕಲಬುರಗಿಗೆ ಅಹಸನಾಬಾದ್, ಬೀದರಿಗೆ ಮುಹಮ್ಮದಾಬಾದ್ ಎಂಬ ಹೆಸರುಗಳಿದ್ದವು. ಹುಮನಾಬಾದ್, ಶಹಾಬಾದ್‌ಗಳಲ್ಲಿ ಆ ಪದ ಇವತ್ತಿಗೂ ಉಳಿದಿದೆ. ಆಬಾದ್ ಊರಿನ ಹೆಸರಿಗೆ ಹೋಯಿತು, ಖರಾಬ್ ಸರ್ವೆ ಪುಸ್ತಕಕ್ಕೆ ಬಂತು.

ಇವೆರಡರ ಜೊತೆ ಮೂರನೆಯದೊಂದನ್ನು ಸೇರಿಸಿ ಗೊಂದಲ ಮಾಡಿಕೊಳ್ಳುವವರಿದ್ದಾರೆ: ಬೇಚರಾಕ್. ಪಾರಸಿಯ ಬೇ-ಚಿರಾಗ್, ದೀಪವಿಲ್ಲದ ಎಂಬುದರಿಂದ ಬಂದದ್ದು. ಅದು ಜನವಸತಿ ಇಲ್ಲದ ಇಡೀ ಕಂದಾಯ ಗ್ರಾಮಕ್ಕೆ ಹಚ್ಚುವ ವಿಶೇಷಣ. ಬೇಚರಾಕ್ ಗ್ರಾಮದ ಹೊಲಗಳು ಚೆನ್ನಾಗಿ ಉಳುಮೆಯಲ್ಲಿ ಇರಬಹುದು. ಅವಕ್ಕೂ ಖರಾಬಿಗೂ ಸಂಬಂಧವಿಲ್ಲ.

ಹಂತ 1: ಎದುರಿಗಿರುವುದು ಮಾತಿನ ಖರಾಬೋ, ದಾಖಲೆಯ ಖರಾಬೋ ನೋಡಿ

ಇದಕ್ಕೊಂದು ಸರಳ ಪರೀಕ್ಷೆ ಇದೆ. ಪದಕ್ಕೆ ಮೊದಲು ‘ಭಾಳ’ ಹಚ್ಚಿ ನೋಡಿ. ‘ಹೊಲ ಭಾಳ ಖರಾಬ್ ಆಗ್ಯಾದ’ ಅನ್ನಬಹುದಾದರೆ ಅದು ಮಾತಿನ ಖರಾಬ್, ಗುಣ ಹೇಳುವ ವಿಶೇಷಣ. ‘ಭಾಳ’ ಹಚ್ಚಲು ಬಾರದೆ ‘ಎಷ್ಟು ಗುಂಟೆ?’ ಎಂದು ಕೇಳಬೇಕಾಗಿ ಬಂದರೆ ಅದು ದಾಖಲೆಯ ಖರಾಬ್. ದಾಖಲೆಯಲ್ಲಿ ಕಡಿಮೆ ಖರಾಬು, ಜಾಸ್ತಿ ಖರಾಬು ಅನ್ನುವುದು ವಿಸ್ತೀರ್ಣದ ಮಾತು, ಗುಣದ ಮಟ್ಟ ಹೇಳುವುದಲ್ಲ.

ಎರಡನೇ ಗುರುತು ಕ್ರಿಯಾಪದ. ಮಾತಿನ ಖರಾಬ್ ‘ಆಗು’, ‘ಮಾಡು’ ಜೊತೆ ಬರುತ್ತದೆ. ಕನ್ನಡದಲ್ಲಿ ಖರಾಬಾಯ್ತು, ದಖನಿಯಲ್ಲಿ ಖರಾಬ್ ಹೋಗಯಿ, ಮರಾಠಿಯಲ್ಲಿ ಖರಾಬ್ ಝಾಲಿ, ತೆಲುಗಿನಲ್ಲಿ ಖರಾಬಯಿಂದಿ. ದಾಖಲೆಯ ಖರಾಬಿಗೆ ಕ್ರಿಯಾಪದವೇ ಇರುವುದಿಲ್ಲ. ಅದು ಅಂಕಿಯ ಪಕ್ಕ ಕೂರುತ್ತದೆ, ಅಥವಾ ತಾನೇ ನಾಮಪದವಾಗಿ ‘ಸದರಿ ನಂಬರಿನಲ್ಲಿ 12 ಗುಂಟೆ ಖರಾಬು’ ಎಂದು ನಿಲ್ಲುತ್ತದೆ.

ಈ ಪರೀಕ್ಷೆ ಹೆಚ್ಚು ಬೇಕಾಗುವುದು ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಭಾಗದಲ್ಲಿ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಅಲ್ಲಿ ಸವುಳು-ಜವುಳಿನ ತಕರಾರು ಇದೆ. ಉಪ್ಪು ಎದ್ದ ಹೊಲವನ್ನು ರೈತರು ‘ಖರಾಬ್ ಆದ ಜಮೀನು’ ಎನ್ನುತ್ತಾರೆ. ಆ ಮಾತು ಸರಿಯೇ. ಆದರೆ ಪಹಣಿಯಲ್ಲಿ ಅದು ಖರಾಬು ಆಗಿರುವುದಿಲ್ಲ, ಹಿಂದಿನಂತೆ ಸಾಗುವಳಿ ಜಮೀನಾಗಿಯೇ ಇರುತ್ತದೆ. ಪರಿಹಾರ ಅಥವಾ ಸುಧಾರಣೆ ಯೋಜನೆಗೆ ಅರ್ಜಿ ಕೊಡುವಾಗ ‘ನನ್ನ 3 ಎಕರೆ ಖರಾಬು ಇದೆ’ ಎಂದು ಬರೆದರೆ ಕಚೇರಿಯವರು ಪಹಣಿ ತೆಗೆದು ನೋಡಿ ‘ಖರಾಬು ಸೊನ್ನೆ ಇದೆ’ ಎಂದು ಅರ್ಜಿ ಹಿಂದಕ್ಕೆ ಕೊಡುವ ಸಂಭವ ಹೆಚ್ಚು. ಅಲ್ಲಿ ಸವುಳು, ಜವುಳು ಎಂದೇ ಬರೆಯಬೇಕು.

ಹಂತ 2: ಕಾಗದ ಕೂಡಿಸಿ

ಒಂದೇ ಪಹಣಿ ಇಟ್ಟುಕೊಂಡು ಖರಾಬಿನ ತೀರ್ಮಾನಕ್ಕೆ ಬರಬೇಡಿ. ಕನಿಷ್ಠ ಇವು ಬೇಕು: ಈಗಿನ ಭೂಮಿ ತಂತ್ರಾಂಶದ ಪಹಣಿ, ಗಣಕೀಕರಣಕ್ಕೆ ಮುಂಚಿನ ಕೈಬರಹದ ಪಹಣಿ, ಆಕಾರಬಂದ್ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಖರಾಬು, ಆಕಾರ ಬರೆದ ಸರ್ವೆ ಪುಸ್ತಕ), ಸರ್ವೆ ಟಿಪ್ಪಣಿ (ನಂಬರಿನ ಅಳತೆಯ ಚಿತ್ರ), ಗ್ರಾಮ ನಕ್ಷೆ. ಪಹಣಿ ನಾಡ ಕಚೇರಿಯಲ್ಲಿ ಸಿಗುತ್ತದೆ. ಆಕಾರಬಂದ್, ಟಿಪ್ಪಣಿಗೆ ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಗೆ, ಜನರ ಬಾಯಲ್ಲಿ ಎಡಿಎಲ್‌ಆರ್ ಆಫೀಸಿಗೆ ಹೋಗಬೇಕು.

ಹಳೆಯ ಹಕ್ಕಿನ ಪ್ರಶ್ನೆ ಇದ್ದರೆ 1954–55ರ ಖಾಸ್ರಾ ಪಹಣಿ ಮತ್ತು ಅದಕ್ಕೂ ಹಿಂದಿನ ಸೇತ್ವಾರ್ (ನಿಜಾಮರ ಕಾಲದ ಸರ್ವೆ ಪಟ್ಟಿ) ಬೇಕಾಗುತ್ತವೆ. ಪಾಯಗಾ, ಜಾಗೀರು ಊರುಗಳ (ಸರದಾರರಿಗೆ ಬಿಟ್ಟುಕೊಟ್ಟ ಊರುಗಳ) ಕಾಗದ ದಿವಾನಿ ಊರುಗಳಷ್ಟು (ಸರ್ಕಾರವೇ ಕಂದಾಯ ಎತ್ತುತ್ತಿದ್ದ ಊರುಗಳಷ್ಟು) ಕ್ರಮವಾಗಿ ಸಿಗದೆ ಇರಬಹುದು. ಜಾಗೀರು ರದ್ದಾದದ್ದು 1949ರ ಆಗಸ್ಟ್‌ನಲ್ಲಿ, 1358 ಫಸಲಿಯ ಕಾನೂನಿನಿಂದ.

ಫಸಲಿ ಇಸವಿ ಕಂಡರೆ ಗಾಬರಿ ಬೇಡ. ಹೈದರಾಬಾದಿನ ಫಸಲಿ, ಅಂದರೆ ಕಂದಾಯದ ವರ್ಷ, ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿಂದ ಸುರುವಾಗುತ್ತಿತ್ತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಾರೀಖಿಗೆ 590 ಕೂಡಿಸಿ, ಜನವರಿಯಿಂದ ಮುಂದಿನದಕ್ಕೆ 591 ಕೂಡಿಸಿ. 1317 ಫಸಲಿ ಎಂದರೆ 1907–08.

ಈ ಎಲ್ಲ ಕಾಗದಗಳಲ್ಲಿ ಖರಾಬಿನ ವಿಷಯಕ್ಕೆ ತೂಕ ಜಾಸ್ತಿ ಇರುವುದು ಆಕಾರಬಂದ್ ಮತ್ತು ಟಿಪ್ಪಣಿಗೆ. ಪಹಣಿ ಅವುಗಳಿಂದ ನಕಲಾಗಿ ಬಂದದ್ದು. ನಕಲಿನಲ್ಲಿ ತಪ್ಪು ನುಸುಳುತ್ತದೆ.

ಹಂತ 3: ಕನ್ನಡ ಪಹಣಿಯ ವಿಸ್ತೀರ್ಣದ ಕಾಲಮ್ ಬಿಡಿಸಿ

ಅಲ್ಲಿ ನಾಲ್ಕು ಸಾಲು ಇರುತ್ತವೆ: ಒಟ್ಟು ವಿಸ್ತೀರ್ಣ, ಪೋಟ್ ಖರಾಬ್ (ಅ), ಪೋಟ್ ಖರಾಬ್ (ಬ), ಉಳಿದದ್ದು. ಪೋಟ್ ಎಂಬುದನ್ನು ಪೂಟ್, ಫೂಟ್, ಫೋಟ ಎಂದೆಲ್ಲ ಬರೆದಿರುತ್ತಾರೆ. ಅಡಿ ಅಳತೆಯ ಫೂಟ್ ಅಲ್ಲ ಅದು. ಮರಾಠಿಯಲ್ಲಿ ಪೋಟ್ ಅಂದರೆ ಹೊಟ್ಟೆ. ಪೋಟಹಿಸ್ಸಾ ಅಂದರೆ ಹಿಸ್ಸೆಯೊಳಗಿನ ಹಿಸ್ಸೆ, ಪೋಟಭಾಡೇಕರು ಅಂದರೆ ಬಾಡಿಗೆದಾರನ ಕೆಳಗಿನ ಬಾಡಿಗೆದಾರ. ಅದೇ ರೀತಿ ಪೋಟ್ ಖರಾಬ್ ಎಂದರೆ ಸರ್ವೆ ನಂಬರಿನ ಹೊಟ್ಟೆಯೊಳಗಿರುವ ಖರಾಬು. ಹೈದರಾಬಾದ್ ಸಂಸ್ಥಾನದ ಸರ್ವೆ ಮುಂಬಯಿ ಪದ್ಧತಿಯನ್ನು ಅನುಸರಿಸಿತ್ತು, ಆದ್ದರಿಂದ ಪಾರಸಿ ವಿಶೇಷಣಕ್ಕೆ ಮರಾಠಿ ಮುಂಪದ ಅಂಟಿಕೊಂಡು ಬಂದಿದೆ.

ಇನ್ನು ಅಂಕಿ. ಎಕರೆ, ಗುಂಟೆ, ಆಣೆಗಳ ನಡುವೆ ಚುಕ್ಕಿ ಇಟ್ಟೇ ಮುದ್ರಿಸುತ್ತಾರೆ. 8.20 ಎಂದಿದ್ದರೆ ಎಂಟೂ ಕಾಲಿಗಿಂತ ಸ್ವಲ್ಪ ಕಡಿಮೆ ಎಂದಲ್ಲ, 8 ಎಕರೆ 20 ಗುಂಟೆ, ಅಂದರೆ ಎಂಟೂವರೆ ಎಕರೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ, ಒಂದು ಗುಂಟೆಗೆ 1,089 ಚದರ ಅಡಿ.

ಲೆಕ್ಕ ಹೀಗೆ ಮಾಡಿ. ಒಟ್ಟು 8-20, ಅ ಖರಾಬು 0-15, ಬ ಖರಾಬು 0-08 ಎಂದುಕೊಳ್ಳಿ. ಮೊದಲು ಎಲ್ಲವನ್ನೂ ಗುಂಟೆಗೆ ಇಳಿಸಿ: 340, 15, 8. 340ರಲ್ಲಿ 23 ಕಳೆದರೆ 317. 40ರಿಂದ ಭಾಗಿಸಿದರೆ 7 ಎಕರೆ 37 ಗುಂಟೆ. ‘ಉಳಿದದ್ದು’ ಸಾಲಿನಲ್ಲಿ ಇದೇ ಇರಬೇಕು. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 8.20ರಿಂದ 0.23 ಕಳೆದವರಿಗೆ 7.97 ಬರುತ್ತದೆ. 97 ಗುಂಟೆ ಎಂಬ ಅಂಕಿ ಎಲ್ಲಿ ಕಂಡರೂ ಯಾರೋ ದಶಾಂಶದಲ್ಲಿ ಕಳೆದಿದ್ದಾರೆ ಎಂದೇ ತಿಳಿಯಿರಿ. ಗುಂಟೆಯ ಜಾಗದಲ್ಲಿ 39ಕ್ಕಿಂತ ಹೆಚ್ಚು ಬರಲು ಸಾಧ್ಯವೇ ಇಲ್ಲ. ಕೈಬರಹದ ಕರಾರುಪತ್ರಗಳಲ್ಲಿ ಈ ತಪ್ಪು ಸಾಮಾನ್ಯ.

‘ಉಳಿದದ್ದು’ ತಾಳೆಯಾಗದಿದ್ದರೆ ಎರಡು ಕಾರಣ ಹುಡುಕಿ. ಒಂದು, ಖರಾಬು ಒಂದು ಸಾಲಿನಲ್ಲಿ ನಮೂದಾಗಿ ಕಳೆಯುವಾಗ ಬಿಟ್ಟುಹೋಗಿದೆ. ಎರಡು, ಒಟ್ಟು ವಿಸ್ತೀರ್ಣದ ಸಾಲಿನಲ್ಲಿ ಖರಾಬು ಕಳೆದ ಅಂಕಿಯನ್ನೇ ಬರೆದು, ಅದರಿಂದ ಮತ್ತೊಮ್ಮೆ ಕಳೆದಿದ್ದಾರೆ. ಎರಡನೆಯದು ಹೆಚ್ಚು ಅಪಾಯ, ಏಕೆಂದರೆ ಪಹಣಿಯ ಒಳಗೆ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆಕಾರಬಂದ್ ಪಕ್ಕದಲ್ಲಿಟ್ಟಾಗ ಮಾತ್ರ ಗೊತ್ತಾಗುತ್ತದೆ.

ಹಂತ 4: ಅ ಮತ್ತು ಬ

ಪೂರ್ತಿ ವಿಷಯದಲ್ಲಿ ಹಣ, ಹಕ್ಕು, ಜಗಳ ಎಲ್ಲ ನಿಂತಿರುವುದು ಈ ಒಂದಕ್ಷರದ ಮೇಲೆ. 1966ರ ಕರ್ನಾಟಕ ಭೂ ಕಂದಾಯ ನಿಯಮಗಳ 21(2)ನೇ ನಿಯಮ ಇವೆರಡನ್ನು ಬೇರೆ ಮಾಡುತ್ತದೆ.

ಅ ಖರಾಬು: ಸರ್ವೆ ನಡೆದಾಗ ಸಾಗುವಳಿಗೆ ಯೋಗ್ಯವಲ್ಲ ಎಂದು ವರ್ಗೀಕರಿಸಿದ ಜಾಗ. ಹಿಡುವಳಿದಾರನ ಹೊಲದ ಮನೆ, ಕಣ ಕೂಡ ಇದರಲ್ಲೇ ಬರುತ್ತವೆ. ಇದು ಹಿಡುವಳಿಯ ಜೊತೆಗೇ ಹೋಗುತ್ತದೆ.

ಬ ಖರಾಬು: ಸಾರ್ವಜನಿಕ ಉಪಯೋಗಕ್ಕೆ ಬಿಟ್ಟಿದ್ದರಿಂದ ಆಕಾರ ಹಚ್ಚದ ಜಾಗ. ದಾರಿ, ಗುರುತಾದ ಕಾಲುದಾರಿ, ಬೇರೆಯವರೂ ನೀರು ಬಳಸುವ ಕೆರೆ ಅಥವಾ ಹಳ್ಳ, ಹೂಳುವ ಇಲ್ಲವೆ ಸುಡುವ ಸ್ಥಳ, ಊರ ಕುಂಬಾರಿಕೆಗೆ ಬಿಟ್ಟ ಜಾಗ. ಇದು ನಿಮ್ಮ ಸರ್ವೆ ನಂಬರಿನ ಗಡಿಯೊಳಗಿದ್ದರೂ ನಿಮ್ಮದಲ್ಲ. ಉಳಲಿಕ್ಕಿಲ್ಲ, ಮಾರಲಿಕ್ಕಿಲ್ಲ, ಬೇಲಿ ಹಾಕಿ ಮುಚ್ಚಲಿಕ್ಕಿಲ್ಲ.

ಹಾಗಾಗಿ ‘ಖರಾಬು ಎಷ್ಟದ?’ ಎಂದು ಕೇಳುವುದು ಅರ್ಧ ಪ್ರಶ್ನೆ. ‘ಅ ಎಷ್ಟು, ಬ ಎಷ್ಟು?’ ಎಂದು ಕೇಳಬೇಕು. ಅಕ್ಷರವಿಲ್ಲದ ಖರಾಬು ಅಂಕಿ ಹಳೆಯ ಕಾಗದಗಳಲ್ಲಿ ಸಿಗುತ್ತದೆ. ಆಗ ಟಿಪ್ಪಣಿ ಮತ್ತು ಗ್ರಾಮ ನಕ್ಷೆ ತೆಗೆದು ಖರಾಬು ನೆಲದ ಮೇಲೆ ಯಾವ ರೂಪದಲ್ಲಿ ನಿಂತಿದೆ ನೋಡಿ. ಒಂದು ಗಡಿಯಿಂದ ಇನ್ನೊಂದು ಗಡಿಗೆ ಪಟ್ಟಿಯಂತೆ ಹಾದುಹೋಗಿ ಪಕ್ಕದ ನಂಬರಿನಲ್ಲೂ ಮುಂದುವರಿದಿದ್ದರೆ ಅದು ದಾರಿ ಅಥವಾ ಹಳ್ಳ, ಬಹುಮಟ್ಟಿಗೆ ಬ. ನಂಬರಿನ ಒಳಗೇ ತುಂಡಾಗಿ ನಿಂತಿದ್ದರೆ ಕಲ್ಲುಬಂಡೆ, ಮಡ್ಡಿ, ಕಣ, ಬಹುಮಟ್ಟಿಗೆ ಅ. ಇದು ಅಂದಾಜು ಮಾಡುವ ದಾರಿ, ತೀರ್ಮಾನ ಸರ್ವೆ ಇಲಾಖೆಯದು.

ಅ ಖರಾಬನ್ನು ಬೆಲೆಯಿಲ್ಲದ ಜಾಗ ಎಂದು ತಿಳಿಯುವುದು ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ದೊಡ್ಡ ಮೂರ್ಖತನ. ಅಲ್ಲಿ ಮಣ್ಣಿನ ತೆಳು ಪದರದ ಕೆಳಗೆ ಹಾಸುಗಲ್ಲು. ಕಂದಾಯದ ಕಣ್ಣಿಗೆ ಬಿತ್ತಲು ಬಾರದ ಬಂಡೆ, ಕಲ್ಲಿನ ವ್ಯಾಪಾರಿಯ ಕಣ್ಣಿಗೆ ಬೇರೆ. ಹಾಗೆಂದು ಖರಾಬು ಎಂಬ ಕಾರಣಕ್ಕೆ ಕಲ್ಲು ತೆಗೆಯಲು ಅನುಮತಿ ತಾನಾಗಿ ಸಿಗುವುದಿಲ್ಲ. ಅದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಲೆಕ್ಕ. ಇದರ ತಿರುವುಮುರುವೂ ನಿಜ: ಒಳ್ಳೆಯ ಎರೆ ಹೊಲದಲ್ಲಿ ಕಲ್ಲು ತೆಗೆದು ಹೊಂಡ ಬಿದ್ದ ಮಾತ್ರಕ್ಕೆ ಆ ಜಾಗ ದಾಖಲೆಯಲ್ಲಿ ಖರಾಬು ಆಗಿಬಿಡುವುದಿಲ್ಲ.

ಹಂತ 5: ಉರ್ದು ಕಾಗದ

ಹೆಚ್ಚು ಸಮಯ ಹಿಡಿಯುವುದು ಇದೇ. ಕಚೇರಿಯ ಉರ್ದು ಮುದ್ರಿತ ನಸ್ತಾಲೀಕ್ ಅಲ್ಲ, ಓಡುಬರಹದ ಶಿಕಸ್ತಾ. ಅದರಲ್ಲಿ ಗುಮಾಸ್ತರು ಅಕ್ಷರದ ಚುಕ್ಕಿಗಳನ್ನು ಬಿಟ್ಟುಬಿಡುತ್ತಾರೆ. ಚುಕ್ಕಿ ಇಲ್ಲದಿದ್ದಾಗ ನಾಲ್ಕು ಪದಗಳು ಒಂದರಂತೆ ಒಂದು ಕಾಣುತ್ತವೆ: ಖರಾಬ್, ಖಾರಿಜ್, ಖರಾಜ್, ಖರೀಫ್. ನಾಲ್ಕೂ ಕಂದಾಯ ಕಾಗದದಲ್ಲಿ ಬರಬಹುದಾದ ಪದಗಳೇ. ಖಾರಿಜ್ ಎಂದರೆ ಹೊರಗಿಟ್ಟದ್ದು, ಖರಾಜ್ ಎಂದರೆ ಕಂದಾಯ ಅಥವಾ ಕಪ್ಪ, ಖರೀಫ್ ಮುಂಗಾರಿನ ಬೆಳೆ.

ಅಕ್ಷರ ಬಿಡಿಸುವ ಕ್ರಮ ಹೀಗೆ. ನಾಲ್ಕೂ ‘ಖೆ’ ಅಕ್ಷರದಿಂದ ಸುರುವಾಗುತ್ತವೆ, ಆದ್ದರಿಂದ ಬಲತುದಿ ನೋಡಿ ಉಪಯೋಗವಿಲ್ಲ. ಎಡತುದಿ, ಅಂದರೆ ಕೊನೆಯ ಅಕ್ಷರ ನೋಡಿ. ಖರಾಬಿನ ಕೊನೆಯಲ್ಲಿ ‘ಬೆ’, ಮಲಗಿಸಿದ ದೋಣಿಯಂಥ ಗೆರೆ, ಕೆಳಗೆ ಒಂದು ಚುಕ್ಕಿ. ಖಾರಿಜ್, ಖರಾಜ್‌ಗಳ ಕೊನೆಯಲ್ಲಿ ‘ಜೀಮ್’, ಸಾಲಿನಿಂದ ಕೆಳಗಿಳಿದು ದುಂಡಗೆ ಹೊಟ್ಟೆ ಬಿಡುತ್ತದೆ. ಖರೀಫಿನ ಕೊನೆಯಲ್ಲಿ ‘ಫೆ’, ಸಣ್ಣ ಗಂಟು ಇರುತ್ತದೆ, ಚುಕ್ಕಿ ಮೇಲೆ. ಚುಕ್ಕಿ ಅಳಿಸಿದ್ದರೂ ಹೊಟ್ಟೆ, ಗಂಟು, ದೋಣಿ ಅಳಿಸುವುದಿಲ್ಲ.

ಖಾರಿಜ್ ಮತ್ತು ಖರಾಜ್ ನಡುವೆ ಇನ್ನೊಂದು ಗುರುತು: ಖಾರಿಜ್‌ನಲ್ಲಿ ನೆಟ್ಟಗಿನ ಅಲಿಫ್ ‘ಖೆ’ಗೆ ಅಂಟಿಕೊಂಡೇ ಬರುತ್ತದೆ. ಖರಾಜ್ ಮತ್ತು ಖರಾಬ್‌ಗಳಲ್ಲಿ ‘ಖೆ’ಗೆ ಅಂಟಿರುವುದು ‘ರೆ’, ಅಲಿಫ್ ಬಿಡಿಯಾಗಿ ನಿಂತಿರುತ್ತದೆ. ಇದನ್ನು ತಪ್ಪಿಸಿಕೊಂಡರೆ ಎಷ್ಟು ನಷ್ಟ? ‘ಖಾರಿಜ್ ಖಾತಾ’ ಎಂದರೆ ಯಾರ ಖಾತೆಯಲ್ಲೂ ಇಲ್ಲದ ಸರ್ಕಾರಿ ಜಮೀನು. ಅದನ್ನು ‘ಖರಾಬ್ ಖಾತಾ’ ಎಂದು ಓದಿ, ಸರ್ಕಾರಿ ನಂಬರನ್ನು ಯಾರದೋ ಪಟ್ಟಾದ ಅ ಖರಾಬು ಎಂದು ತಿಳಿದು ವ್ಯವಹಾರಕ್ಕೆ ಇಳಿದರೆ ಮುಂದೆ ಕೋರ್ಟೇ ಗತಿ.

ಪದದ ಜೋಡಣೆಯೂ ನೋಡಬೇಕು. ಕನ್ನಡದಲ್ಲಿ, ಆಡುವ ಉರ್ದುವಿನಲ್ಲಿ ವಿಶೇಷಣ ಮೊದಲು: ಖರಾಬ್ ಜಮೀನು. ಕಚೇರಿಯ ಪಾರಸಿ ಶೈಲಿಯಲ್ಲಿ ವಿಶೇಷಣ ನಾಮಪದದ ನಂತರ ಬರುತ್ತದೆ, ನಡುವೆ ಇಜಾಫತ್ತಿನ, ಅಂದರೆ ಎರಡು ಪದ ಬೆಸೆಯುವ ‘ಎ’ ಸ್ವರ: ಅರಾಜಿ-ಎ-ಖರಾಬ್. ಈ ‘ಎ’ಯನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಎರಡು ನಾಮಪದಗಳ ನಡುವೆ ಖರಾಬ್ ಕೂತಿದ್ದರೆ ಅದು ತನಗಿಂತ ಮೊದಲು ಬಂದ ಪದಕ್ಕೆ, ಅಂದರೆ ಬಲಗಡೆಯ ಪದಕ್ಕೆ ಸೇರಿದ್ದೋ ಎಂದು ಮೊದಲು ಪರೀಕ್ಷಿಸಿ. ಲಿಂಗ, ವಚನದಿಂದ ಸುಳಿವು ಸಿಗುವುದಿಲ್ಲ. ವ್ಯಂಜನದಲ್ಲಿ ಮುಗಿಯುವ ಈ ವಿಶೇಷಣ ಉರ್ದುವಿನಲ್ಲೂ ಮರಾಠಿಯಲ್ಲೂ ರೂಪ ಬದಲಿಸುವುದಿಲ್ಲ.

ಕಾಲಮ್ಮುಗಳು ಬಲದಿಂದ ಎಡಕ್ಕೆ ಸಾಗುತ್ತವೆ: ಸರ್ವೆ ನಂಬರು ಬಲತುದಿಗೆ, ಉಳಿದವು ಎಡಕ್ಕೆ. ಆದರೆ ಅಂಕಿಯನ್ನು ಎಡದಿಂದ ಬಲಕ್ಕೇ ಓದಬೇಕು. ಉರ್ದು ಸೊನ್ನೆ ಬರೀ ಒಂದು ಚುಕ್ಕಿ. ಝೆರಾಕ್ಸ್ ಮೇಲೆ ಝೆರಾಕ್ಸ್ ಆದ ಪ್ರತಿಯಲ್ಲಿ ಆ ಚುಕ್ಕಿ ಮಾಯವಾಗಿ 10 ಗುಂಟೆ 1 ಗುಂಟೆಯಾಗುತ್ತದೆ, ಕಾಗದದ ಕೊಳೆ ಚುಕ್ಕಿಯಾಗಿ 1 ಗುಂಟೆ 10 ಆಗುತ್ತದೆ. ಎರಡು ಮತ್ತು ಮೂರರ ನಡುವೆ ಇರುವ ವ್ಯತ್ಯಾಸ ತಲೆಯ ಮೇಲಿನ ಒಂದು ಹಲ್ಲು ಮಾತ್ರ. ಹಾಗಾಗಿ ಉರ್ದು ಕಾಗದದ ಖರಾಬು ಅಂಕಿಯನ್ನು ಒಂಟಿಯಾಗಿ ನಂಬಬೇಡಿ. ಒಟ್ಟು, ಖರಾಬು, ಉಳಿದದ್ದು, ಈ ಮೂರನ್ನು ಓದಿ ಕಳೆದು ನೋಡಿ. ತಾಳೆಯಾದರೆ ಮಾತ್ರ ಓದಿದ್ದು ಸರಿ. ಹಣದ ಮೊತ್ತವನ್ನು ಅಂಕಿಯ ಬದಲು ರಕಮ್ ಎಂಬ ಸಂಕೇತಗಳಲ್ಲಿ ಬರೆದಿರುವುದೂ ಉಂಟು. ಅದಕ್ಕೆ ಹಳೆಯ ಕಾಗದ ಓದಿ ಪಳಗಿದವರೇ ಬೇಕು.

ಮೊಬೈಲಿನ ಅನುವಾದ ಆ್ಯಪ್‌ಗೆ ಇಂಥ ಪುಟ ತೋರಿಸಿ ‘ಕೆಟ್ಟ ಭೂಮಿ’ ಎಂದು ಬಂದದ್ದನ್ನು ಕ್ರಯಪತ್ರಕ್ಕೆ ಏರಿಸಬೇಡಿ. ಅನುವಾದ ಮಾಡುವವರಿಗೆ ನಮ್ಮ ಸಲಹೆ ಒಂದೇ: ಈ ಪದವನ್ನು ಅನುವಾದಿಸಬೇಡಿ. ಬಂಜರು, ಹಾಳು, ಪಾಳು, ಯಾವುದೂ ಸರಿಹೋಗುವುದಿಲ್ಲ. ‘ಖರಾಬು’ ಎಂದೇ ಇಟ್ಟು, ಮೂಲದಲ್ಲಿ ವರ್ಗ ಇದ್ದರೆ ವರ್ಗ ಬರೆಯಿರಿ, ಇಲ್ಲದಿದ್ದರೆ ‘ವರ್ಗ ನಮೂದಿಲ್ಲ’ ಎಂದು ಬರೆಯಿರಿ.

ಹಂತ 6: ಮರಾಠಿ ಸಾತ್‌ಬಾರಾ

ಓದಲು ಎಲ್ಲಕ್ಕಿಂತ ಸುಲಭ ಅನ್ನಿಸುವುದು ಇದು, ತಪ್ಪು ಹೆಚ್ಚು ಆಗುವುದೂ ಇಲ್ಲೇ. ಸಾತ್‌ಬಾರಾದಲ್ಲಿ ಕ್ಷೇತ್ರವನ್ನು ಎರಡು ತಲೆಬರಹದ ಕೆಳಗೆ ತೋರಿಸುತ್ತಾರೆ. ‘ಅ’ ಎಂಬ ತಲೆಬರಹದಡಿ ಸಾಗುವಳಿಗೆ ಯೋಗ್ಯವಾದ ಕ್ಷೇತ್ರ: ಜಿರಾಯತ್ (ಮಳೆ ನಂಬಿದ್ದು), ಬಾಗಾಯತ್ (ನೀರಾವರಿಯದು). ‘ಬ’ ಎಂಬ ತಲೆಬರಹದಡಿ ಪೋಟಖರಾಬ್, ಅದರೊಳಗೆ ಮತ್ತೆ ವರ್ಗ ಅ, ವರ್ಗ ಬ. ಕೊನೆಗೆ ‘ಒಟ್ಟು ಕ್ಷೇತ್ರ (ಅ+ಬ)’.

ನಮ್ಮ ಪಹಣಿಯಲ್ಲಿ ಅ ಮತ್ತು ಬ ಕೂಡಿಸಿದರೆ ಬರುವುದು ಖರಾಬಿನ ಮೊತ್ತ. ಅಲ್ಲಿ ಕೊನೆಯ ಸಾಲಿನ ಅ+ಬ ಎಂದರೆ ಇಡೀ ಹೊಲ. ಈ ಸಾಲನ್ನು ನಮ್ಮ ರೂಢಿಯಲ್ಲಿ ಓದಿ ‘ಎಲ್ಲಾ ಖರಾಬೇ ಅದ’ ಎಂದು ಹೊಲ ಬಿಟ್ಟು ಬಂದವರೂ ಇರಬಹುದು, ‘ಬ’ ತಲೆಬರಹ ಕಂಡ ಮಾತ್ರಕ್ಕೆ ಪೋಟಖರಾಬ್ ಪೂರ್ತಿ ಸರ್ಕಾರದ್ದೆಂದು ಬೆಲೆ ಇಳಿಸಿದವರೂ ಇರಬಹುದು. ತಲೆಬರಹದ ಅಕ್ಷರ ಬೇರೆ, ವರ್ಗದ ಅಕ್ಷರ ಬೇರೆ. ‘ವರ್ಗ’ ಎಂಬ ಪದದ ಪಕ್ಕದಲ್ಲಿರುವ ಅಕ್ಷರವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಭೋಗವಟಾದಾರ ವರ್ಗ 1, ವರ್ಗ 2 ಎಂಬುದೂ ಅದೇ ಪುಟದಲ್ಲಿರುತ್ತದೆ. ಅದು ಹಿಡುವಳಿಯ ಹಕ್ಕಿನ ಬಗೆ, ಖರಾಬಿಗೆ ಸಂಬಂಧಿಸಿದ್ದಲ್ಲ.

ಅಳತೆ ಹೆಕ್ಟೇರ್, ಆರ್, ಚದರ ಮೀಟರ್‌ನಲ್ಲಿ. ಹೆಕ್ಟೇರಿಗೆ 100 ಆರ್. ಒಂದು ಗುಂಟೆ 101.17 ಚದರ ಮೀಟರ್, ಒಂದು ಆರ್ 100 ಚದರ ಮೀಟರ್. ಸಣ್ಣ ಖರಾಬಿಗೆ ಆರ್ ಎಂದರೆ ಗುಂಟೆ ಎಂದೇ ಹಿಡಿದರೂ ಹೆಚ್ಚು ಕೆಡುವುದಿಲ್ಲ, 12 ಆರ್ ಎಂದರೆ 11.86 ಗುಂಟೆ. ಆದರೆ ಮೊದಲ ಅಂಕಿ ಹೆಕ್ಟೇರ್ ಎಂಬುದನ್ನು ಮರೆತರೆ ಹೋಯಿತು. 1.20 ಎಂದಿರುವುದನ್ನು 1 ಎಕರೆ 20 ಗುಂಟೆ ಎಂದು ಓದಿದರೆ 60 ಗುಂಟೆ. ನಿಜವಾಗಿ ಅದು 120 ಆರ್, ಅಂದರೆ 118.6 ಗುಂಟೆ, ಹತ್ತಿರ ಹತ್ತಿರ 2 ಎಕರೆ 39 ಗುಂಟೆ. ಹೊಲ ಅರ್ಧಕ್ಕೆ ಅರ್ಧ ಕಡಿಮೆಯಾಯಿತು.

ಬೀದರ ಜಿಲ್ಲೆಯಲ್ಲಿ ಇನಾಮು, ವತನದ ಹಳೆಯ ಮರಾಠಿ ಕಾಗದ ಮೋಡಿ ಲಿಪಿಯಲ್ಲಿ (ಮರಾಠಿಯ ಹಳೆಯ ಓಡುಬರಹದಲ್ಲಿ) ಇದ್ದರೆ ಮೊದಲು ದೇವನಾಗರಿಗೆ ಲಿಪ್ಯಂತರ ಮಾಡಿಸಿ, ಆಮೇಲೆ ಅರ್ಥಕ್ಕೆ ಹೋಗಿ. ಎರಡನ್ನೂ ಒಂದೇ ಸಲ ಮಾಡಲು ಹೋದರೆ ಓದುವವನ ಊಹೆ ದಾಖಲೆಯೊಳಗೆ ಸೇರಿಕೊಳ್ಳುತ್ತದೆ.

ಹಂತ 7: ತೆಲುಗು ಪಹಣಿ

ಇಲ್ಲಿ ಹೇಳುವುದು ಕಡಿಮೆ. ತೆಲಂಗಾಣದ ಪಹಣಿಯೂ ನಮ್ಮದೂ ಒಂದೇ ಹೈದರಾಬಾದ್ ಬೇರಿನವು, ಅಳತೆಯೂ ಎಕರೆ-ಗುಂಟೆಯೇ. ಕನ್ನಡದಂತೆ ತೆಲುಗೂ ಕೊನೆಗೆ ಉಕಾರ ಸೇರಿಸಿ ಖರಾಬು ಎನ್ನುತ್ತದೆ. ಪಹಣಿಯಲ್ಲಿ ‘ಸಾಗುಕು ಪನಿಕಿರಾನಿ’ ಎಂಬ ತಲೆಬರಹ ಕಂಡರೆ ಅದೇ ಪೋಟ್ ಖರಾಬ್. ಎಚ್ಚರ ಬೇಕಾದದ್ದು ಎರಡು ಪದಗಳಿಗೆ: ಖಾರಿಜ್ ಖಾತಾ ಮತ್ತು ಪರಂಪೋಗು. ಎರಡೂ ಸರ್ಕಾರಿ ಜಮೀನಿನ ಬಗೆಗಳು, ಪಟ್ಟಾ ನಂಬರಿನ ಒಳಗಿನ ಖರಾಬಲ್ಲ.

ಖರಾಬಿನ ಜೊತೆ ಬೆರೆಸಬಾರದ ವಿಶೇಷಣಗಳು

ಖುಷ್ಕಿ ಎಂದರೆ ಮಳೆ ನಂಬಿದ ಜಮೀನು, ಮರಾಠಿಯಲ್ಲಿ ಜಿರಾಯತ್, ತೆಲುಗಿನಲ್ಲಿ ಮೆಟ್ಟ. ತೊಗರಿ ಬೆಳೆಯುವ ಎರೆ ಹೊಲ ಬಹುತೇಕ ಖುಷ್ಕಿಯೇ. ಪಾರಸಿಯಲ್ಲಿ ಖುಷ್ಕ್ ಅಂದರೆ ಒಣ, ಆದರೆ ಖುಷ್ಕಿ ಜಮೀನು ಒಣಗಿದ ಜಮೀನಲ್ಲ. ತರಿ ಎಂದರೆ ಭತ್ತಕ್ಕೆ ನೀರು ನಿಲ್ಲಿಸುವ ಜಮೀನು, ತೆಲುಗಿನ ಮಾಗಾಣಿ. ಬಾಗಾಯ್ತು ತೋಟ. ಈ ಮೂರೂ ಆಕಾರ ಹಚ್ಚಿದ ಜಮೀನಿನ ಬಗೆಗಳು, ಖರಾಬು ಆಕಾರ ಹಚ್ಚದ ಜಾಗ. ಒಂದೇ ಗುಂಟೆ ಏಕಕಾಲಕ್ಕೆ ಖುಷ್ಕಿಯೂ ಖರಾಬೂ ಆಗಿರಲು ಬರುವುದಿಲ್ಲ. ಹಾಗೆ ಕಂಡರೆ ಒಂದು ನಮೂದು ತಪ್ಪು.

ಬೆಳೆಯ ಕಾಲಮ್ಮಿನಲ್ಲಿ ‘ಪಡ’, ‘ಬೀಳು’, ಉರ್ದುವಿನಲ್ಲಿ ‘ಉಫ್ತಾದಾ’ ಎಂದಿರುವುದು ಆ ವರ್ಷ ಬಿತ್ತಲಿಲ್ಲ ಎಂಬುದಕ್ಕೆ. ಮುಂದಿನ ವರ್ಷ ಬಿತ್ತಿದರೆ ನಮೂದು ಹೋಗುತ್ತದೆ. ಖರಾಬು ಹಾಗೆ ವರ್ಷ ವರ್ಷ ಬದಲಾಗುವುದಿಲ್ಲ. ಗಾಯರಾಣ ದನ ಮೇಯಲು ಬಿಟ್ಟ ಸರ್ಕಾರಿ ನಂಬರು, ಅದೂ ಖರಾಬಲ್ಲ. ಹಿಂದಿಯ ಸಂಖ್ಯೆ ‘ಖರಬ್’ ಅಂತೂ ಬೇರೆಯೇ ಪದ, ಅದರಲ್ಲಿ ದೀರ್ಘವಿಲ್ಲ.

ಹಂತ 8: ಹಿಸ್ಸೆ ಆಗುವಾಗ ಖರಾಬು ಯಾರಿಗೆ?

ಅಣ್ಣತಮ್ಮಂದಿರ ಪಾಲಿನಲ್ಲಿ ಇದು ಹೆಚ್ಚಾಗಿ ಕೆಡುವ ಜಾಗ. 12 ಎಕರೆ ನಂಬರು, ಮೂಡಣ ಅಂಚಿಗೆ ಹಳ್ಳ, 18 ಗುಂಟೆ ಬ ಖರಾಬು ಎಂದುಕೊಳ್ಳಿ. ಮೂವರಿಗೆ 4 ಎಕರೆಯಂತೆ ಪಾಲು ಬರೆದು, ಖರಾಬನ್ನೂ ಸಮ ಮಾಡಿ ತಲಾ 6 ಗುಂಟೆ ಹಾಕುತ್ತಾರೆ. ಕಾಗದದಲ್ಲಿ ನ್ಯಾಯ ಕಾಣುತ್ತದೆ. ನೆಲದ ಮೇಲೆ ಹಳ್ಳ ಹರಿಯುವುದು ಮೂಡಣ ಪಾಲಿನಲ್ಲಿ ಮಾತ್ರ. ಪಡುವಣ ಪಾಲಿನ ತಮ್ಮನ ಪಹಣಿಯಲ್ಲಿ ಇಲ್ಲದ ಹಳ್ಳ 6 ಗುಂಟೆ, ಮೂಡಣ ಪಾಲಿನ ಅಣ್ಣನ ಪಹಣಿಯಲ್ಲಿ ಇರುವ ಹಳ್ಳ 12 ಗುಂಟೆ ಕಡಿಮೆ. ಮುಂದೆ ಮಾರುವಾಗ, ಸಾಲ ತೆಗೆಯುವಾಗ, ರಸ್ತೆಗೆ ಭೂಸ್ವಾಧೀನವಾದಾಗ ಇದು ಎದ್ದು ಬರುತ್ತದೆ.

ಸರಿಯಾದ ಕ್ರಮ: ಖರಾಬು ಎಲ್ಲಿದೆಯೋ ಆ ಹಿಸ್ಸೆಯಲ್ಲೇ 18 ಗುಂಟೆಯೂ ಕೂರಬೇಕು. ಸಮ ಮಾಡಬೇಕಾದದ್ದು ಉಳಿದ 11 ಎಕರೆ 22 ಗುಂಟೆಯನ್ನು. 462 ಗುಂಟೆಯನ್ನು ಮೂರರಿಂದ ಭಾಗಿಸಿದರೆ ತಲಾ 154, ಅಂದರೆ 3 ಎಕರೆ 34 ಗುಂಟೆ. ಮೂಡಣ ಪಾಲಿನ ಒಟ್ಟು 4 ಎಕರೆ 12 ಗುಂಟೆ ಆಗುತ್ತದೆ, ಬೇರೆ ಎರಡು 3 ಎಕರೆ 34 ಗುಂಟೆಯೇ. ಒಟ್ಟಿನಲ್ಲಿ ಅಣ್ಣನಿಗೆ ಹೆಚ್ಚು ಹೋದಂತೆ ಕಾಣುತ್ತದೆ, ಅದನ್ನು ಪಂಚರ ಮುಂದೆ ಮೊದಲೇ ಬಿಡಿಸಿ ಹೇಳಿ. ಹಿಸ್ಸಾ ಟಿಪ್ಪಣಿ ಬಂದ ಮೇಲೆ ಎಲ್ಲ ಹಿಸ್ಸೆಗಳ ಖರಾಬು ಕೂಡಿಸಿ ಮೂಲ ನಂಬರಿನ ಆಕಾರಬಂದ್ ಅಂಕಿಗೆ ಸರಿಯಾಗುತ್ತದೆಯೇ ನೋಡಿ. ಅ ಬೇರೆ ಕೂಡಿಸಿ, ಬ ಬೇರೆ ಕೂಡಿಸಿ.

ಕೊಳ್ಳುವವರಿಗೆ: ಎಕರೆಗೆ ಇಷ್ಟು ಎಂದು ದರ ಮಾತಾಡುವ ಮೊದಲೇ ಯಾವ ಎಕರೆ ಎಂದು ತೀರ್ಮಾನಿಸಿ. ‘ಉಳಿದದ್ದು’ ಮೇಲೆ ದರ, ಅ ಖರಾಬಿಗೆ ಬೇರೆ ಮಾತು, ಬ ಖರಾಬಿಗೆ ಹಣವಿಲ್ಲ ಎಂಬುದು ಸರಿಯಾದ ವ್ಯವಹಾರ. ಕ್ರಯಪತ್ರದ ಷೆಡ್ಯೂಲಿನಲ್ಲಿ ನಾಲ್ಕೂ ಅಂಕಿ ಬರೆಸಿ. ನಂಬರಿನ ಭಾಗ ಮಾತ್ರ ಕೊಳ್ಳುತ್ತಿದ್ದರೆ 11ಇ ನಕ್ಷೆಯಲ್ಲಿ (ಭಾಗ ಮಾರುವ ಮುಂಚೆ ಸರ್ವೆಯವರು ಮಾಡಿಕೊಡುವ ನಕ್ಷೆ) ಖರಾಬು ಯಾವ ತುಂಡಿನಲ್ಲಿ ಬಿದ್ದಿದೆ ಎಂದು ಸಹಿಗೆ ಮುಂಚೆ ನೋಡಿ, ಆಮೇಲಲ್ಲ.

ಹಂತ 9: ತಪ್ಪಿದ್ದರೆ ಯಾರ ಹತ್ತಿರ ಹೋಗಬೇಕು

ಪಹಣಿ ಮತ್ತು ಆಕಾರಬಂದ್ ಎರಡನ್ನೂ ಅಕ್ಕಪಕ್ಕ ಇಡಿ. ಆಕಾರಬಂದ್ ಸರಿ ಇದ್ದು ಪಹಣಿ ತಪ್ಪಿದ್ದರೆ ಅದು ನಕಲಿನ ತಪ್ಪು, ಪಹಣಿ ತಿದ್ದುಪಡಿಗೆ ತಹಶೀಲ್ದಾರರಿಗೆ ಅರ್ಜಿ. ಎರಡೂ ಒಂದೇ ಅಂಕಿ ಹೇಳುತ್ತಿದ್ದು ನೆಲದ ಮೇಲೆ ಬೇರೆ ಇದ್ದರೆ ಅಳತೆಯೇ ಆಗಬೇಕು, ಎಡಿಎಲ್‌ಆರ್ ಕಚೇರಿಗೆ ಅರ್ಜಿ. ಸರ್ವೆ ಅರ್ಜಿಗಳು ಮೋಜಿಣಿ ತಂತ್ರಾಂಶದಲ್ಲಿ ದಾಖಲಾಗುತ್ತವೆ, ಅದರ ನಂಬರು ತೆಗೆದುಕೊಂಡು ಬನ್ನಿ. ಬ ಖರಾಬನ್ನು ಅ ಮಾಡಿಕೊಡಿ ಎಂಬ ಬೇಡಿಕೆ ತಿದ್ದುಪಡಿ ಎನಿಸಿಕೊಳ್ಳುವುದಿಲ್ಲ. ಮಧ್ಯವರ್ತಿ ಯಾರಾದರೂ ‘ಒಂದಕ್ಷರ ತಾನೇ, ಬದಲಿಸಿಬಿಡೋಣ್ರಿ’ ಎಂದರೆ ಅವರಿಂದ ದೂರ ಇರಿ.

ಅರ್ಜಿಯಲ್ಲಿ ‘ನಮ್ಮ ಜಮೀನು ಖರಾಬ್ ತೋರಿಸಿದ್ದಾರೆ’ ಎಂದು ಬರೆಯಬೇಡಿ, ಅದು ಮಾತಿನ ಖರಾಬ್ ಆಗುತ್ತದೆ. ಹೀಗೆ ಬರೆಯಿರಿ: ‘ಸದರಿ ಸರ್ವೆ ನಂಬರಿನ ಆಕಾರಬಂದ್ ಪ್ರಕಾರ ಒಟ್ಟು 8 ಎಕರೆ 20 ಗುಂಟೆ, ಅ ಖರಾಬು 15 ಗುಂಟೆ, ಬ ಖರಾಬು 8 ಗುಂಟೆ, ಉಳಿದದ್ದು 7 ಎಕರೆ 37 ಗುಂಟೆ ಇರುತ್ತದೆ. ಪಹಣಿಯಲ್ಲಿ ಅ ಖರಾಬಿನ 15 ಗುಂಟೆ ಬ ಖರಾಬಿನ ಸಾಲಿನಲ್ಲಿ ನಮೂದಾಗಿದ್ದು, ಆಕಾರಬಂದ್‌ನಂತೆ ತಿದ್ದುಪಡಿ ಮಾಡಿಕೊಡಬೇಕು.’ ಜೊತೆಗೆ ಆಕಾರಬಂದ್‌ನ ದೃಢೀಕೃತ ನಕಲು, ಟಿಪ್ಪಣಿಯ ನಕಲು, ಈಗಿನ ಪಹಣಿ. ಗಣಕೀಕರಣಕ್ಕೆ ಮುಂಚಿನ ಕೈಬರಹದ ಪಹಣಿ ಸಿಕ್ಕರೆ ಅದನ್ನೂ ಲಗತ್ತಿಸಿ, ತಪ್ಪು ಯಾವ ವರ್ಷ ಹೊಕ್ಕಿತು ಎಂಬುದನ್ನು ತೋರಿಸುವ ಕಾಗದ ಅದೇ. ಅರ್ಜಿಯ ಎರಡನೇ ಪ್ರತಿಗೆ ಕಚೇರಿಯ ಟಪಾಲು ವಿಭಾಗದಲ್ಲಿ ಸಹಿ, ತಾರೀಖು, ಮೊಹರು ಹಾಕಿಸಿಕೊಳ್ಳಿ.